ಪೆಟ್ರೋಲ್ ಸೋರಿಕೆಯ ರಿಕಾಲ್: ನಿಮ್ಮ ಕಾರು ಪಟ್ಟಿಯಲ್ಲಿದೆಯೇ, ಇದ್ದರೆ ಮಾಡಬೇಕಾದ್ದೇನು?

‘ಇಂಥ ಮಾದರಿಯ ಇಷ್ಟು ಸಾವಿರ ಕಾರುಗಳನ್ನು ಕಂಪನಿ ವಾಪಸ್ ಕರೆಸಿಕೊಂಡಿದೆ’ ಎಂಬ ಸುದ್ದಿ ಅಚ್ಚಾದ ಮರುದಿನದಿಂದ ಓದುಗರು ಕೇಳುವ ಪ್ರಶ್ನೆಗಳು ಪ್ರತಿ ಸಲವೂ ಅವೇ. ಕಾರನ್ನು ಕಂಪನಿಗೆ ಕೊಟ್ಟುಬಿಡಬೇಕೇ? ದುಡ್ಡು ಹಿಂದಿರುಗಿಸುತ್ತಾರೆಯೇ? ವಾರಂಟಿ ಮುಗಿದು ಎರಡು ವರ್ಷವಾಯಿತು, ಖರ್ಚು ಯಾರದು? ನನ್ನದು ಸೆಕೆಂಡ್ ಹ್ಯಾಂಡ್ ಕಾರು, ನನಗೂ ಇದು ಅನ್ವಯವಾಗುತ್ತದೆಯೇ?

ಮೊದಲ ಗೊಂದಲಕ್ಕೆ ಕಾರಣ ‘ವಾಪಸ್’ ಎಂಬ ಪದವೇ. ರಿಕಾಲ್ ಎಂದರೆ ಕಾರನ್ನು ಹಿಂದಕ್ಕೆ ಕೊಳ್ಳುವುದಲ್ಲ. ತಯಾರಿಕೆಯಲ್ಲೇ ನುಸುಳಿದ, ಸುರಕ್ಷತೆಗೆ ಸಂಬಂಧಪಟ್ಟ ದೋಷವೊಂದನ್ನು ಕಂಪನಿ ತನ್ನ ಖರ್ಚಿನಲ್ಲಿ ಪರೀಕ್ಷಿಸಿ ಸರಿಪಡಿಸಿಕೊಡುವ ವ್ಯವಸ್ಥೆ ಅದು. ಬೆಳಿಗ್ಗೆ ಬಿಟ್ಟ ಕಾರು ಸಾಮಾನ್ಯವಾಗಿ ಸಂಜೆಗೆ ಮನೆ ಸೇರುತ್ತದೆ. ವಾರಂಟಿಗೂ ಇದಕ್ಕೂ ಸಂಬಂಧವಿಲ್ಲ. ಮಾಲೀಕರು ಎಷ್ಟು ಬಾರಿ ಬದಲಾಗಿದ್ದಾರೆ ಎಂಬುದೂ ಮುಖ್ಯವಲ್ಲ, ಏಕೆಂದರೆ ರಿಕಾಲ್ ಅಂಟಿಕೊಂಡಿರುವುದು ಕಾರಿನ ಚಾಸಿಸ್ ನಂಬರಿಗೆ, ಮಾಲೀಕನ ಹೆಸರಿಗಲ್ಲ. ಈ ಒಂದು ಮಾತು ಮನಸ್ಸಿನಲ್ಲಿದ್ದರೆ ಮುಂದಿನದೆಲ್ಲ ಸಲೀಸು.

ಭಾರತದಲ್ಲಿ ಕಾರು ತಯಾರಕರ ಒಕ್ಕೂಟವಾದ ಸಿಯಾಮ್ 2012ರ ಜುಲೈಯಲ್ಲಿ ಸ್ವಯಂಪ್ರೇರಿತ ರಿಕಾಲ್ ನೀತಿಯನ್ನು ಜಾರಿಗೆ ತಂದಿತು. ಅದಕ್ಕೂ ಮೊದಲೇ ಪ್ರಕರಣಗಳಿದ್ದವು. 2010ರ ಫೆಬ್ರವರಿಯಲ್ಲಿ ಮಾರುತಿ ಸುಜುಕಿ ಸುಮಾರು 1 ಲಕ್ಷ ಎ-ಸ್ಟಾರ್ ಕಾರುಗಳನ್ನು ಕರೆಸಿತು. ಫ್ಯೂಯೆಲ್ ಪಂಪಿನ ಗ್ಯಾಸ್ಕೆಟ್ ಬಳಿ, ಅಂದರೆ ಎರಡು ಭಾಗಗಳ ನಡುವೆ ಸಂದು ಬಿಡದಂತೆ ಕೂರಿಸುವ ಬಿಲ್ಲೆಯ ಬಳಿ, ಪೆಟ್ರೋಲ್ ಜಿನುಗುವ ಸಾಧ್ಯತೆ ಇತ್ತು. 2014ರ ಏಪ್ರಿಲ್‌ನಲ್ಲಿ ಅದೇ ಕಂಪನಿ ಎರ್ಟಿಗಾ, ಸ್ವಿಫ್ಟ್ ಮತ್ತು ಡಿಜೈರ್ ಸೇರಿ 1,03,311 ಕಾರುಗಳ ಫಿಲ್ಲರ್ ನೆಕ್ ಬದಲಿಸಿತು. ಬಂಕಿನಲ್ಲಿ ಪೈಪು ಇಳಿಬಿಡುತ್ತಾರಲ್ಲ, ಆ ಬಾಯಿಂದ ಟ್ಯಾಂಕಿಗೆ ಹೋಗುವ ಕೊಳವೆಗೆ ಆ ಹೆಸರು. 2019ರ ಆಗಸ್ಟ್‌ನಲ್ಲಿ 40,618 ವ್ಯಾಗನ್ ಆರ್ ಕಾರುಗಳ ಸರದಿ ಬಂತು. ಇಂಧನದ ಹೋಸ್ ಪೈಪು ಲೋಹದ ಕ್ಲಾಂಪಿಗೆ ಉಜ್ಜುವ ಅನುಮಾನ ಅಲ್ಲಿತ್ತು. ಮೂರರಲ್ಲೂ ಕಾಣುವುದು ಒಂದೇ ಬಗೆಯ ಸಂಗತಿ: ಸಣ್ಣದೊಂದು ಬಿಡಿಭಾಗ, ಅದರ ಪಕ್ಕದಲ್ಲಿ ಪೆಟ್ರೋಲ್.

ಹಂತಗಳಿಗೆ ಹೋಗುವ ಮುನ್ನ ಒಂದು ಮಾತು. ಅದನ್ನು ಕೊನೆಗೆ ಇಡುವಂತಿಲ್ಲ.

ಈಗಲೇ ಪೆಟ್ರೋಲ್ ವಾಸನೆ ಬರುತ್ತಿದ್ದರೆ

ಹಾಗಿದ್ದರೆ ಪಟ್ಟಿ ಹುಡುಕುತ್ತ ಕೂರಬೇಡಿ. ಓಡಿಸುತ್ತಿದ್ದರೆ ಬದಿಗೆ ಹಾಕಿ, ಇಂಜಿನ್ ಆರಿಸಿ, ಎಲ್ಲರನ್ನೂ ಇಳಿಸಿ ದೂರ ನಿಲ್ಲಿಸಿ. ಮತ್ತೆ ಸ್ಟಾರ್ಟ್ ಮಾಡಿ ‘ನೋಡೋಣ’ ಎನ್ನಬೇಡಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ಮೇಲೆ ಹಾರಿ ಹೋಗದೆ ನೆಲಕ್ಕೆ ಅಂಟಿಕೊಂಡು ಹರಿಯುತ್ತದೆ, ತಗ್ಗಿನಲ್ಲಿ ನಿಲ್ಲುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಇದು ಬಹಳ ಮುಖ್ಯವಾದ ವಿಷಯ. ಸೋರುವ ಕಾರನ್ನು ಅಲ್ಲಿ ರಾತ್ರಿಯಿಡೀ ನಿಲ್ಲಿಸಬಾರದು. ಈಗಾಗಲೇ ಅಲ್ಲಿ ನಿಂತಿದ್ದರೆ ಸ್ಟಾರ್ಟ್ ಮಾಡದೆ ತಳ್ಳಿ ಬಯಲಿಗೆ ತನ್ನಿ. ಹತ್ತಿರದಲ್ಲಿ ಲೈಟಿನ ಸ್ವಿಚ್ಚನ್ನೂ ಮುಟ್ಟದಿರುವುದು ಒಳ್ಳೆಯದು.

ಬಾನೆಟ್ ಸಂದಿಯಿಂದ ಹೊಗೆ ಏಳುತ್ತಿದ್ದರೆ ಬಾನೆಟ್ ಎತ್ತಬೇಡಿ. ಒಳಗಿನ ಬೆಂಕಿಗೆ ಒಮ್ಮೆಲೇ ಗಾಳಿ ಸಿಕ್ಕರೆ ಅದು ಮುಖಕ್ಕೇ ನುಗ್ಗುತ್ತದೆ. ಪೆಟ್ರೋಲ್ ಬೆಂಕಿಗೆ ನೀರು ಎರಚಬೇಡಿ. ನೀರಿನ ಮೇಲೆ ತೇಲಿಕೊಂಡು ಬೆಂಕಿ ಹರಡುತ್ತದೆ. 112ಕ್ಕೆ ಕರೆ ಮಾಡಿ.

ಕಾರಿನಡಿಯ ಒದ್ದೆ ಕಂಡಾಕ್ಷಣ ಗಾಬರಿಯಾಗಬೇಕಾಗಿಯೂ ಇಲ್ಲ. ಬೇಸಿಗೆಯಲ್ಲಿ ಎಸಿ ಹಾಕಿ ಓಡಿಸಿದ ಕಾರು ನೀರು ತೊಟ್ಟಿಕ್ಕಿಸುವುದು ಸಹಜ. ಒಂದು ಬಿಳಿ ಕಾಗದವನ್ನು ಕೆಳಗಿಟ್ಟು ಹನಿ ಹಿಡಿಯಿರಿ. ವಾಸನೆಯಿಲ್ಲದಿದ್ದರೆ ನೀರು. ಮೂಗಿಗೆ ಹೊಡೆದು ಬೇಗ ಆರಿಹೋದರೆ ಪೆಟ್ರೋಲ್. ಜಿಡ್ಡಾಗಿ ಉಳಿದರೆ ಡೀಸೆಲ್ ಅಥವಾ ಇಂಜಿನ್ ಆಯಿಲ್. ಬೆಂಕಿಕಡ್ಡಿ ಗೀರಿ ಪರೀಕ್ಷಿಸುವ ಮಹಾನುಭಾವರೂ ಇದ್ದಾರೆ, ಆದ್ದರಿಂದ ಹೇಳುತ್ತಿದ್ದೇನೆ: ಬೇಡ.

ಬೇಕಾಗುವುದು ಏನೇನು?

ಆರ್‌ಸಿ, ಮೊಬೈಲ್, ಹಳೆಯ ಸರ್ವಿಸ್ ಬಿಲ್ಲುಗಳು ಇದ್ದರೆ ಅವು, ಮತ್ತು ಹದಿನೈದು ನಿಮಿಷದ ಬಿಡುವು. ಅಷ್ಟೇ.

1. ಸುದ್ದಿಯನ್ನು ಸರಿಯಾಗಿ ಓದಿ

ರಿಕಾಲ್ ಎಂದೂ ಇಡೀ ಮಾದರಿಗೆ ಬರುವುದಿಲ್ಲ ಎಂದೇ ಇಟ್ಟುಕೊಳ್ಳಿ. ಯಾವ ಇಂಜಿನ್, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ತಯಾರಾದದ್ದು ಎಂಬ ಮಿತಿ ಇದ್ದೇ ಇರುತ್ತದೆ. 2019ರ ವ್ಯಾಗನ್ ಆರ್ ಪ್ರಕರಣವನ್ನೇ ನೋಡಿ. ಅದು 1 ಲೀಟರ್ ಇಂಜಿನ್ನಿನ ಕಾರುಗಳಿಗೆ ಮಾತ್ರ, ಅದರಲ್ಲೂ 2018ರ ನವೆಂಬರ್ 15ರಿಂದ 2019ರ ಆಗಸ್ಟ್ 12ರ ನಡುವೆ ತಯಾರಾದವುಗಳಿಗೆ.

ಹೆಚ್ಚು ಜನ ಎಡವುವುದು ಇಲ್ಲಿಯೇ. ತಯಾರಾದ ದಿನ ಬೇರೆ, ನೋಂದಣಿಯಾದ ದಿನ ಬೇರೆ. ಕಾರು ಕಾರ್ಖಾನೆಯಿಂದ ಹೊರಟು ಷೋರೂಂ ಅಂಗಳದಲ್ಲಿ ಎರಡು ಮೂರು ತಿಂಗಳು ನಿಂತು, ಆಯುಧಪೂಜೆಗೋ ಯುಗಾದಿಗೋ ನಿಮ್ಮ ಮನೆಗೆ ಬಂದಿರಬಹುದು. ನಂಬರ್ ಪ್ಲೇಟಿಗೆ ಕುಂಕುಮ ಇಟ್ಟ ದಿನವನ್ನು ನೆನಪಿಸಿಕೊಂಡು ‘ನಮ್ಮದು ಇದರಲ್ಲಿ ಬರುವುದಿಲ್ಲ’ ಎಂದು ತೀರ್ಮಾನಿಸಬೇಡಿ. ಆರ್‌ಸಿಯಲ್ಲಿ ತಯಾರಿಕೆಯ ತಿಂಗಳು ಮತ್ತು ವರ್ಷ ಪ್ರತ್ಯೇಕವಾಗಿ ನಮೂದಾಗಿರುತ್ತದೆ; ಅದನ್ನು ನೋಡಿ.

ಇನ್ನೊಂದು: ಇಂಧನಕ್ಕೆ ಸಂಬಂಧಿಸಿದ ರಿಕಾಲ್‌ಗಳೆಲ್ಲ ಸೋರಿಕೆಯವಲ್ಲ. ಹೋಂಡಾ 2020ರ ಜೂನ್‌ನಲ್ಲಿ 2018ರ ತಯಾರಿಕೆಯ 65,651 ಕಾರುಗಳ ಫ್ಯೂಯೆಲ್ ಪಂಪ್ ಬದಲಿಸಿಕೊಡುವುದಾಗಿ ಹೇಳಿತು. ಅಲ್ಲಿನ ತೊಂದರೆ ಪಂಪಿನೊಳಗೆ ತಿರುಗುವ ಚಕ್ರದ್ದು. ಇಂಜಿನ್ ನಡುದಾರಿಯಲ್ಲಿ ನಿಂತುಹೋಗಬಹುದು ಅಥವಾ ಸ್ಟಾರ್ಟ್ ಆಗದಿರಬಹುದು. ಸೋರಿಕೆಯಾದರೆ ಬೆಂಕಿಯ ಭಯ, ಪಂಪ್ ಕೆಟ್ಟರೆ ಹೆದ್ದಾರಿಯ ನಡುವೆ ನಿಲ್ಲುವ ಭಯ. ಎರಡಕ್ಕೂ ತೆಗೆದುಕೊಳ್ಳಬೇಕಾದ ಎಚ್ಚರ ಬೇರೆ ಬೇರೆ, ಆದ್ದರಿಂದ ನಿಮ್ಮ ಕಾರಿನದು ಯಾವುದು ಎಂಬುದನ್ನು ತಿಳಿದುಕೊಳ್ಳಿ.

2. ಚಾಸಿಸ್ ನಂಬರ್ ಬರೆದಿಟ್ಟುಕೊಳ್ಳಿ

ಇದು 17 ಅಕ್ಷರ ಮತ್ತು ಅಂಕಿಗಳ ಗುರುತು. ಮನುಷ್ಯನಿಗೆ ಬೆರಳಚ್ಚು ಇದ್ದಂತೆ. ಆರ್‌ಸಿಯಲ್ಲಿ, ಖರೀದಿಯ ಇನ್‌ವಾಯ್ಸಿನಲ್ಲಿ, ವಿಮೆಯ ಪಾಲಿಸಿಯಲ್ಲಿ ಸಿಗುತ್ತದೆ. ಕಾರಿಗೆ ಅಂಟಿಸಿದ ಲೋಹದ ಫಲಕದ ಮೇಲೂ ಇರುತ್ತದೆ. ಮೊಬೈಲಿನಲ್ಲಿರುವ ಆರ್‌ಸಿಯಲ್ಲಿ ಕೆಲವು ಅಂಕಿಗಳ ಜಾಗದಲ್ಲಿ ನಕ್ಷತ್ರ ಚಿಹ್ನೆ ಕಂಡರೆ ಕಾರ್ಡನ್ನೇ ಹುಡುಕಿ ತೆಗೆಯಿರಿ.

ತಪ್ಪಾಗುವುದು ಹೀಗೆ: ಸೊನ್ನೆಯನ್ನು ‘ಓ’ ಎಂದು, ಒಂದನ್ನು ‘ಐ’ ಎಂದು ಬರೆಯುತ್ತಾರೆ. ಈ 17ರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಬಳಸುವುದೇ ಇಲ್ಲ, ಹಾಗಾಗಿ ಅನುಮಾನ ಬಂದರೆ ಅದು ಅಂಕಿಯೇ. ಇಂಜಿನ್ ನಂಬರನ್ನು ಚಾಸಿಸ್ ನಂಬರ್ ಎಂದು ತುಂಬಿ ‘ನಿಮ್ಮ ಕಾರು ಪಟ್ಟಿಯಲ್ಲಿಲ್ಲ’ ಎಂಬ ಉತ್ತರ ಪಡೆದು ನಿಶ್ಚಿಂತರಾದವರೂ ಇದ್ದಾರೆ. ಮಾರುತಿಯಂಥ ಕಂಪನಿಯ ಪುಟದಲ್ಲಿ ‘ಎಂಎ3’ ಎಂಬ ಮೊದಲ ಮೂರನ್ನು ಬಿಟ್ಟು ಉಳಿದ 14ನ್ನಷ್ಟೇ ಕೇಳಬಹುದು. ಪೆಟ್ಟಿಗೆಯ ಪಕ್ಕ ಬರೆದಿರುವುದನ್ನು ಓದಿ ತುಂಬಿ.

3. ಪಟ್ಟಿಯಲ್ಲಿ ಹುಡುಕಿ

ಮೊದಲು ನಿಮ್ಮ ಕಾರಿನ ಕಂಪನಿಯ ಅಧಿಕೃತ ಜಾಲತಾಣ. ರಿಕಾಲ್ ಎಂಬ ಪದ ಮುಖಪುಟದಲ್ಲಿ ಸಿಗುವುದು ಅಪರೂಪ. ಕಂಪನಿಗಳಿಗೆ ಅದನ್ನು ತೋರಣ ಕಟ್ಟಿ ಮೆರೆಸುವ ಆಸೆ ಇರುವುದಿಲ್ಲವಲ್ಲ! ‘ಗ್ರಾಹಕರಿಗೆ ಮುಖ್ಯ ಮಾಹಿತಿ’, ‘ಸರ್ವಿಸ್ ಕ್ಯಾಂಪೇನ್’ ಎಂಬಂಥ ಹೆಸರಿನ ಕೊಂಡಿಗಳಲ್ಲಿ ಹುಡುಕಿ. ಸಿಯಾಮ್ ಜಾಲತಾಣದಲ್ಲೂ ಸ್ವಯಂಪ್ರೇರಿತ ರಿಕಾಲ್‌ಗಳ ವಿವರ ಇದೆ. ಎರಡೂ ತಿಳಿಯದಿದ್ದರೆ ಅಧಿಕೃತ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ, ‘ಈ ಚಾಸಿಸ್ ನಂಬರಿಗೆ ಬಾಕಿ ಇರುವ ರಿಕಾಲ್ ಏನಾದರೂ ಇದೆಯೇ’ ಎಂದು ಕೇಳಿ. ‘ಈ ಮಾದರಿಗೆ ಇದೆಯೇ’ ಎಂದು ಕೇಳಿದರೆ ಹಾರಿಕೆಯ ಉತ್ತರ ಬರುತ್ತದೆ. ನಂಬರ್ ಕೊಟ್ಟರೆ ಕಂಪ್ಯೂಟರ್ ನೋಡಲೇಬೇಕಾಗುತ್ತದೆ.

ಉತ್ತರ ಏನೇ ಬಂದರೂ ಸ್ಕ್ರೀನ್‌ಶಾಟ್ ತೆಗೆದಿಡಿ. ಇಂದು ‘ಇಲ್ಲ’ ಎಂದದ್ದು ಆರು ತಿಂಗಳ ಬಳಿಕ ‘ಇದೆ’ ಆಗಬಹುದು, ಏಕೆಂದರೆ ಹೆಚ್ಚಿನ ದೂರುಗಳು ಬಂದ ಮೇಲೆ ಕಂಪನಿಗಳು ತಾರೀಖಿನ ಮಿತಿಯನ್ನು ಹಿಗ್ಗಿಸುವುದುಂಟು. ಪ್ರತಿ ಸರ್ವಿಸಿಗೆ ಬಿಡುವಾಗಲೂ ಒಮ್ಮೆ ನೋಡುವ ಅಭ್ಯಾಸ ಇಟ್ಟುಕೊಳ್ಳಿ.

4. ಸಮಯ ಗೊತ್ತುಮಾಡಿಕೊಳ್ಳಿ

ಕಾರು ಕೊಂಡ ಡೀಲರ್ ಬಳಿಯೇ ಹೋಗಬೇಕೆಂದಿಲ್ಲ. ಅದೇ ಕಂಪನಿಯ ಯಾವ ಅಧಿಕೃತ ಸರ್ವಿಸ್ ಸೆಂಟರ್ ಆದರೂ ಸರಿ. ಬೆಂಗಳೂರಿನಲ್ಲಿ ಕೊಂಡ ಕಾರನ್ನು ಶಿರಸಿಯಲ್ಲೋ ಕಲಬುರಗಿಯಲ್ಲೋ ತೋರಿಸಬಹುದು. ಇಷ್ಟು ದಿನ ಹೊರಗಿನ ಗ್ಯಾರೇಜಿನಲ್ಲಿ ಸರ್ವಿಸ್ ಮಾಡಿಸಿದ್ದೀರಿ ಎಂಬ ಕಾರಣಕ್ಕೆ ರಿಕಾಲ್ ಕೆಲಸ ನಿರಾಕರಿಸುವುದು ನ್ಯಾಯವಲ್ಲ.

ಫೋನಿನಲ್ಲಿ ಕೇಳಬೇಕಾದವು ಮೂರು. ಬಿಡಿಭಾಗ ಈಗ ಸ್ಟಾಕಿನಲ್ಲಿದೆಯೇ? ಎಷ್ಟು ಹೊತ್ತು ಹಿಡಿಯುತ್ತದೆ? ಅಲ್ಲಿಯವರೆಗೆ ಕಾರು ಓಡಿಸಬಹುದೇ? ಮೂರನೆಯದಕ್ಕೆ ಬರಹದಲ್ಲಿ ಉತ್ತರ ಕೇಳಿ. ವಾಟ್ಸ್‌ಆ್ಯಪ್ ಸಂದೇಶವಾದರೂ ಸಾಕು. ಬಿಡಿಭಾಗ ಬಂದಿಲ್ಲ ಎಂದರೆ ನಾಲ್ವತ್ತು ಕಿಲೋಮೀಟರ್ ಹೋಗಿ ಬರುವುದು ವ್ಯರ್ಥ.

ವಾಸನೆ ಅಥವಾ ಹನಿ ಕಂಡುಬಂದಿದ್ದರೆ ಓಡಿಸಿಕೊಂಡು ಹೋಗಬೇಡಿ. ಕಂಪನಿಯ ರಸ್ತೆಬದಿ ನೆರವಿನ ಸಂಖ್ಯೆಗೆ ಕರೆ ಮಾಡಿ, ರಿಕಾಲ್ ವಿಷಯ ಹೇಳಿ, ಟೋಯಿಂಗ್ ಕಳಿಸಲು ಕೇಳಿ.

ಕಾಯುವ ದಿನಗಳಲ್ಲಿ ಒಂದು ಪಥ್ಯ. ಬಂಕಿನಲ್ಲಿ ಪೈಪು ತಾನಾಗಿ ‘ಟಕ್’ ಎಂದು ನಿಂತ ಮೇಲೆ ಮತ್ತೆ ಒತ್ತಿಸಬೇಡಿ. ಲೆಕ್ಕ ಸರಿಹೊಂದಿಸಲು ಇನ್ನೊಂದು ನಲವತ್ತು ರೂಪಾಯಿಯದು ತುಂಬಿಸುವ ಹುಚ್ಚು ನಮ್ಮಲ್ಲಿ ಬಹಳ. ಮೇಲೆ ಹೇಳಿದ 2014ರ ಪ್ರಕರಣದಲ್ಲಿ ತೊಂದರೆ ಎದುರಾಗುತ್ತಿದ್ದುದೇ ಆ ಮಟ್ಟ ಮೀರಿ ತುಂಬಿಸಿದಾಗ.

5. ಕಾರನ್ನು ಬಿಡುವ ದಿನ

ಟ್ಯಾಂಕ್ ಪೂರ್ತಿ ತುಂಬಿಸಿಕೊಂಡು ಹೋಗಬೇಡಿ. ಪಂಪ್ ಅಥವಾ ಗ್ಯಾಸ್ಕೆಟ್ ಬದಲಿಸಲು ಹಲವು ಕಾರುಗಳಲ್ಲಿ ಟ್ಯಾಂಕನ್ನೇ ಕೆಳಗಿಳಿಸಬೇಕಾಗುತ್ತದೆ. ತುಂಬಿದ ಟ್ಯಾಂಕ್ ಮೆಕ್ಯಾನಿಕ್‌ಗೂ ಕಷ್ಟ, ನಿಮಗೂ ತಡ.

ಕಾರು ಒಳಗೆ ಹೋಗುವ ಮೊದಲು ಜಾಬ್ ಕಾರ್ಡ್ ಬರೆಯುತ್ತಾರೆ. ಯಾವ ಯಾವ ಕೆಲಸ ಮಾಡಬೇಕು ಎಂಬ ಪಟ್ಟಿ ಅದು. ಅದರಲ್ಲಿ ರಿಕಾಲ್ ಎಂಬ ಪದ ಅಥವಾ ಅದರ ಸಂಕೇತ ಸಂಖ್ಯೆ ಬರೆಸಿ. ‘ಜನರಲ್ ಚೆಕಪ್’ ಎಂದಷ್ಟೇ ಬರೆದಿದ್ದರೆ ಸಹಿ ಹಾಕಬೇಡಿ. ನಾಳೆ ಕಂಪನಿಯ ದಾಖಲೆಯಲ್ಲಿ ನಿಮ್ಮ ಕಾರಿನ ರಿಕಾಲ್ ಬಾಕಿಯೇ ಉಳಿಯುತ್ತದೆ.

ಇಲ್ಲೊಂದು ಹಳೆಯ ಆಟವಿದೆ. ಉಚಿತ ಕೆಲಸಕ್ಕೆಂದು ಬಂದ ಕಾರಿಗೆ ಇಂಜಿನ್ ಫ್ಲಶ್, ಎಸಿ ಶುದ್ಧೀಕರಣ, ವ್ಹೀಲ್ ಅಲೈನ್‌ಮೆಂಟ್ ಎಂದು ಸೇರಿಸುತ್ತ ಹೋಗುತ್ತಾರೆ. ಬೇಕಿದ್ದರೆ ಮಾಡಿಸಿ, ತಪ್ಪಿಲ್ಲ. ಬೇಡದಿದ್ದರೆ ‘ರಿಕಾಲ್ ಕೆಲಸ ಮಾತ್ರ’ ಎಂದು ಜಾಬ್ ಕಾರ್ಡಿನಲ್ಲೇ ಬರೆಸಿ. ನನ್ನನ್ನೂ ಒಮ್ಮೆ ಹೀಗೆ ಮೂರು ಸಾಲಿನ ಪಟ್ಟಿಯೊಂದಿಗೆ ಕೂರಿಸಿದ್ದರು; ಎರಡು ಸಾಲು ಹೊಡೆದುಹಾಕಿ ಸಹಿ ಮಾಡಿದೆ, ಯಾರೂ ಏನೂ ಅನ್ನಲಿಲ್ಲ.

ಪರೀಕ್ಷಿಸಿದ ಮೇಲೆ ‘ನಿಮ್ಮ ಕಾರಿನಲ್ಲಿ ದೋಷವಿಲ್ಲ, ಬದಲಿಸಿಲ್ಲ’ ಎಂದರೆ ಮೋಸ ಎಂದುಕೊಳ್ಳಬೇಡಿ. ವ್ಯಾಗನ್ ಆರ್ ಪ್ರಕರಣದಲ್ಲೂ ಹೋಸ್ ಪರೀಕ್ಷಿಸಿ, ದೋಷ ಕಂಡರೆ ಮಾತ್ರ ಬದಲಿಸುವ ಕ್ರಮವಿತ್ತು. ಆದರೆ ಪರೀಕ್ಷೆ ನಡೆದದ್ದಕ್ಕೆ ಕಾಗದ ಬೇಕು.

6. ಕಾರನ್ನು ಪಡೆಯುವಾಗ ಮತ್ತು ಆಮೇಲೆ

ಬಿಲ್ಲಿನ ಮೊತ್ತ ಸೊನ್ನೆ ಇರಬೇಕು, ಆದರೆ ಬಿಲ್ಲು ಇರಲೇಬೇಕು. ‘ಫ್ರೀ ಕೆಲಸಕ್ಕೆ ಬಿಲ್ ಯಾಕೆ ಸರ್’ ಎಂಬ ಮಾತಿಗೆ ಕರಗಬೇಡಿ. ಚಾಸಿಸ್ ನಂಬರ್, ತಾರೀಖು, ಮಾಡಿದ ಕೆಲಸ, ಹಾಕಿದ ಬಿಡಿಭಾಗ, ಇಷ್ಟೂ ಅದರಲ್ಲಿರಲಿ. ಹಳೆಯ ಭಾಗವನ್ನು ತೋರಿಸಲು ಕೇಳಿ. ಅದನ್ನು ಕಂಪನಿಗೆ ಹಿಂದಿರುಗಿಸಬೇಕಾಗಿರುತ್ತದೆ, ನಿಮ್ಮ ಕೈಗೆ ಕೊಡದಿರಬಹುದು, ನೋಡಲು ಅಡ್ಡಿಯಿಲ್ಲ.

ಇದೇ ದೋಷಕ್ಕೆ ಹಿಂದೆ ಕೈಯಿಂದ ಹಣ ಕೊಟ್ಟು ರಿಪೇರಿ ಮಾಡಿಸಿದ್ದರೆ ಆ ಬಿಲ್ಲಿನ ಪ್ರತಿ ಕೊಟ್ಟು ಮರುಪಾವತಿ ಕೇಳಿ. ಕೇಳದವರಿಗೆ ಯಾರೂ ತಾವಾಗಿ ಕೊಡುವುದಿಲ್ಲ.

ಮನೆಗೆ ಬಂದ ಮೇಲಿನ ಪರೀಕ್ಷೆಯನ್ನು ಹೆಚ್ಚಿನವರು ಮರೆಯುತ್ತಾರೆ. ಟ್ಯಾಂಕಿನ ನೆತ್ತಿಯ ಮೇಲೆ ಕೂರುವ ಪಂಪಿನ ಗ್ಯಾಸ್ಕೆಟ್ ಸರಿಯಾಗಿ ಕೂತಿಲ್ಲದಿದ್ದರೆ ಅರ್ಧ ಟ್ಯಾಂಕಿನಲ್ಲಿ ಅದು ಗೊತ್ತೇ ಆಗುವುದಿಲ್ಲ, ಏಕೆಂದರೆ ಪೆಟ್ರೋಲ್ ಅಲ್ಲಿಯವರೆಗೆ ಮುಟ್ಟಿರುವುದಿಲ್ಲ. ಆದ್ದರಿಂದ ಕೆಲಸ ಮುಗಿದ ಒಂದೆರಡು ದಿನಗಳಲ್ಲಿ ಪೈಪು ತಾನಾಗಿ ನಿಲ್ಲುವವರೆಗೆ ತುಂಬಿಸಿ, ಬಯಲಿನಲ್ಲಿ ನಿಲ್ಲಿಸಿ, ಹಿಂದಿನ ಸೀಟಿನ ಬಳಿ ಮೂಗಿಟ್ಟು ನೋಡಿ. ಮರುದಿನ ಬೆಳಿಗ್ಗೆ ಬಾಗಿಲು ತೆರೆದ ತಕ್ಷಣ ಮತ್ತೊಮ್ಮೆ. ವಾಸನೆ ಬಂದರೆ ಅದೇ ಜಾಬ್ ಕಾರ್ಡ್ ಹಿಡಿದು ಮತ್ತೆ ಕರೆ ಮಾಡಿ.

7. ಕೆಲಸ ಮಾಡಿಕೊಡದಿದ್ದರೆ

ಬಾಯಿಮಾತಿನ ಜಗಳದಿಂದ ಉಪಯೋಗವಿಲ್ಲ. ಕಂಪನಿಯ ಗ್ರಾಹಕ ವಿಭಾಗಕ್ಕೆ ಇಮೇಲ್ ಬರೆಯಿರಿ: ಚಾಸಿಸ್ ನಂಬರ್, ಸರ್ವಿಸ್ ಸೆಂಟರಿಗೆ ಹೋದ ದಿನಾಂಕ, ಅಲ್ಲಿ ಹೇಳಿದ್ದು, ಸ್ಕ್ರೀನ್‌ಶಾಟ್. ಡೀಲರ್ ಮತ್ತು ಕಂಪನಿ ಬೇರೆ ಬೇರೆ ಸಂಸ್ಥೆಗಳು. ಡೀಲರ್ ನಿರಾಕರಿಸಿದ್ದು ಎಷ್ಟೋ ಸಲ ಕಂಪನಿಗೆ ತಿಳಿದೇ ಇರುವುದಿಲ್ಲ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದಕ್ಕೂ ಜಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಂಪನಿಯ ಕಚೇರಿ ಇರುವ ದೆಹಲಿಗೋ ಚೆನ್ನೈಗೋ ಓಡಬೇಕಿಲ್ಲ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದ ಗಡುವು ಇದೆ.

8. ವಾಸನೆ ಇದೆ, ಆದರೆ ಪಟ್ಟಿಯಲ್ಲಿ ಹೆಸರಿಲ್ಲ

ಮೊದಲು ಇಲಿಯನ್ನು ಅನುಮಾನಿಸಿ. ತಮಾಷೆಯಲ್ಲ. ನಿಂತ ಕಾರಿನ ಬಾನೆಟ್ಟಿನೊಳಗೆ ಸೇರಿಕೊಂಡು ವೈರು, ರಬ್ಬರ್ ಹೋಸ್ ಕಡಿಯುವುದು ನಮ್ಮ ಊರುಗಳಲ್ಲಿ ದಿನನಿತ್ಯದ ಮಾತು, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಹೊರಗಿನವರಿಂದ ಹಾಕಿಸಿದ ಸಿಎನ್‌ಜಿ ಕಿಟ್, ವಯಸ್ಸಾಗಿ ಬಿರುಕುಬಿಟ್ಟ ಹೋಸ್, ಹಿಂದಿನ ರಿಪೇರಿಯಲ್ಲಿ ಸಡಿಲ ಬಿಟ್ಟ ಕ್ಲಾಂಪ್, ಇವೂ ಕಾರಣವಾಗಬಹುದು. ಇವು ಯಾವುವೂ ರಿಕಾಲ್ ವ್ಯಾಪ್ತಿಗೆ ಬರುವುದಿಲ್ಲ, ಖರ್ಚು ನಿಮ್ಮದೇ.

ಆದರೆ ದೋಷ ತಯಾರಿಕೆಯದೇ ಎಂದು ಕಂಡುಬಂದರೆ ದೂರು ದಾಖಲಿಸಿ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾಗಿ 110ಎ ಕಲಂ ಸೇರಿತು. ನಿಗದಿತ ಪ್ರಮಾಣದಲ್ಲಿ ಮಾಲೀಕರ ದೂರುಗಳು ಬಂದರೆ ರಿಕಾಲ್ ಮಾಡುವಂತೆ ಕೇಂದ್ರ ಸರ್ಕಾರ ಕಂಪನಿಗೆ ಆದೇಶಿಸಬಹುದು. ಇದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಏಳು ವರ್ಷಕ್ಕಿಂತ ಹಳೆಯದಲ್ಲದ ವಾಹನಗಳಿಗೆ ಅನ್ವಯ. ಸರ್ಕಾರದ ಆದೇಶದಿಂದ ರಿಕಾಲ್ ಆದರೆ ಕಂಪನಿಗೆ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡ. ದೂರು ನೀಡಲು ಸಾರಿಗೆ ಸಚಿವಾಲಯದ ವಾಹನ್ ಪೋರ್ಟಲಿನಲ್ಲಿ ವ್ಯವಸ್ಥೆ ಇದೆ. ಲೆಕ್ಕಕ್ಕೆ ಬರುವುದು ದೂರುಗಳ ಸಂಖ್ಯೆ. ನೂರು ಜನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬೈದುಕೊಂಡರೆ ಸೊನ್ನೆ ದೂರು, ಹತ್ತು ಜನ ಪೋರ್ಟಲಿನಲ್ಲಿ ಬರೆದರೆ ಹತ್ತು ದೂರು.

ಸೆಕೆಂಡ್ ಹ್ಯಾಂಡ್ ಕಾರಿನವರಿಗೆ

ನಿಮಗೆ ಪತ್ರವೂ ಬರುವುದಿಲ್ಲ, ಫೋನೂ ಬರುವುದಿಲ್ಲ ಎಂದೇ ತಿಳಿಯಿರಿ. ಕಂಪನಿಯ ಬಳಿ ಇರುವುದು ಮೊದಲ ಮಾಲೀಕರ ಮೊಬೈಲ್ ನಂಬರ್. ಅವರು ‘ಆ ಕಾರು ಮಾರಿಬಿಟ್ಟೆ’ ಎಂದು ಫೋನ್ ಇಟ್ಟರೆ ಸುದ್ದಿ ಅಲ್ಲಿಗೇ ಮುಗಿಯಿತು. ಮೂರನೇ ಹಂತವನ್ನು ಇಂದೇ ಮಾಡಿ, ಜೊತೆಗೆ ಸರ್ವಿಸ್ ಸೆಂಟರಿನಲ್ಲಿ ನಿಮ್ಮ ನಂಬರನ್ನು ಆ ಚಾಸಿಸ್ ನಂಬರಿಗೆ ಸೇರಿಸಿಸಿ. ಕೊಳ್ಳುವ ಮಾತುಕತೆಯಲ್ಲಿರುವವರು ಮುಂಗಡ ಕೊಡುವ ಮೊದಲೇ ಪರಿಶೀಲಿಸಬಹುದು. ಚಾಸಿಸ್ ನಂಬರ್ ಕೊಡಲು ಹಿಂಜರಿಯುವ ಮಾರಾಟಗಾರನ ಬಗ್ಗೆ ಬೇರೆ ಯೋಚನೆಯೂ ಬರಬೇಕು.

ವಂಚಕರ ಕರೆಗಳು

‘ನಿಮ್ಮ ಕಾರು ರಿಕಾಲ್ ಆಗಿದೆ, ನೋಂದಣಿ ಶುಲ್ಕ ಕಟ್ಟಿ’, ‘ಈ ಆ್ಯಪ್ ಹಾಕಿಕೊಳ್ಳಿ’, ‘ಒಟಿಪಿ ಹೇಳಿ’. ಈ ಮೂರರಲ್ಲಿ ಯಾವುದು ಕೇಳಿಸಿದರೂ ಕರೆ ಕತ್ತರಿಸಿ. ರಿಕಾಲ್‌ಗೆ ಶುಲ್ಕವೂ ಇಲ್ಲ, ಬ್ಯಾಂಕಿನ ವಿವರವೂ ಬೇಕಿಲ್ಲ. ನೀವೇ ಸರ್ವಿಸ್ ಸೆಂಟರಿಗೆ ತಿರುಗಿ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಹಣ ಹೋಗಿಯೇಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ದಾರಿ ಇನ್ನೂ ಸುಲಭ. ಅಲ್ಲಿನ ಹೆದ್ದಾರಿ ಸುರಕ್ಷತಾ ಆಡಳಿತ ಸಂಸ್ಥೆಯಾದ ಎನ್‌ಎಚ್‌ಟಿಎಸ್‌ಎ ಜಾಲತಾಣದಲ್ಲಿ 17 ಅಕ್ಷರಗಳ ಅದೇ ನಂಬರ್ ಹಾಕಿದರೆ, ಬಾಕಿ ಇರುವ ರಿಕಾಲ್‌ಗಳು ಯಾವ ಕಂಪನಿಯವಾದರೂ ಒಂದೇ ಕಡೆ ಕಾಣುತ್ತವೆ. ಊರಿನಲ್ಲಿ ಅಪ್ಪ ಅಮ್ಮ ಓಡಿಸುವ ಕಾರಿನದನ್ನೂ ಅಲ್ಲಿಂದಲೇ ನೋಡಿಬಿಡೋಣ ಎಂದುಕೊಂಡರೆ ಆಗದು; ಭಾರತದ ಕಾರಿಗೆ ಮೂರನೇ ಹಂತದ ದಾರಿಯೇ. ಆರ್‌ಸಿಯ ಫೋಟೋ ಒಂದನ್ನು ಕಳಿಸಲು ಹೇಳಿ, ಉಳಿದದ್ದನ್ನು ನೀವು ಅಲ್ಲಿಂದಲೇ ಮಾಡಬಹುದು.